ಸಿಡ್ನಿ ಸುತ್ತಲಿನ ಸಣ್ಣ ಕಂದು ಹಕ್ಕಿಗಳು: ಗುರುತಿಸುವುದು ಹೇಗೆ, ಚಿತ್ರ ತೆಗೆಯುವುದು ಹೇಗೆ?

ಗೀಜಗ (ಸಿಡ್ನಿ)

ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಇಲ್ಲಿಗೆ ಬಂದ ಮೇಲೆ ಕಾಕಟೂ, ಲೋರಿಕೀಟ್, ಕುಕಬರಾಗಳಂಥ ದೊಡ್ಡ ಹಕ್ಕಿಗಳ ಪರಿಚಯ ಬೇಗನೆ ಆಯಿತು. ಗುಬ್ಬಚ್ಚಿಗಿಂತ ಚಿಕ್ಕದಾದ, ಕಂದು ಅಥವಾ ಹಸಿರು ಬೆರೆತ ಬೂದು ಬಣ್ಣದ ಹಕ್ಕಿಗಳು ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಕೈಪಿಡಿಯಲ್ಲಿ ಒಂದೇ ಪುಟದಲ್ಲಿ ಏಳೆಂಟು ಹಕ್ಕಿಗಳು ಒಂದೇ ರೀತಿ ಕಾಣುತ್ತವೆ. ರಾಯಲ್ ನ್ಯಾಷನಲ್ ಪಾರ್ಕಿನ ಲೇಡಿ ಕ್ಯಾರಿಂಗ್ಟನ್ ಡ್ರೈವ್ ದಾರಿಯಲ್ಲಿ ಜೂನ್ ತಿಂಗಳಲ್ಲಿ ತೆಗೆದ ನಾಲ್ಕು ಚಿತ್ರಗಳನ್ನು ಹಾಕಿದ್ದೇನೆ.

ಮೊದಲನೆಯದರಲ್ಲಿ ಬಾಲವನ್ನು ಮೇಲಕ್ಕೆತ್ತಿಕೊಂಡು ಹುಲ್ಲಿನ ಮೇಲೆ ಕುಪ್ಪಳಿಸುತ್ತಿದ್ದ ಕಂದು ಹಕ್ಕಿ ಇದೆ. ಬಾಲ ನೀಲಿ, ಕೊಕ್ಕು ಕಪ್ಪು. ಎರಡನೆಯದು ಎತ್ತರದ ನೀಲಗಿರಿ ಮರದ ತುದಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಹಸಿರುಮಿಶ್ರಿತ ಪುಟ್ಟ ಹಕ್ಕಿ. ಮೂರನೆಯದು ದಾರಿ ಪಕ್ಕದ ಪೊದೆಯಲ್ಲಿ, ಹೆಚ್ಚೂಕಡಿಮೆ ನನ್ನ ಸೊಂಟದ ಎತ್ತರದಲ್ಲಿತ್ತು. ನನಗೆ ಇದು ಎರಡನೆಯದರದೇ ಜಾತಿ ಎನ್ನಿಸುತ್ತಿದೆ. ನಾಲ್ಕನೆಯದು ಬಿದ್ದ ಕೊಂಬೆಗಳ ಕೆಳಗೆ ತರಗೆಲೆ ಕೆದಕುತ್ತಿದ್ದ ಗಾಢ ಕಂದು ಹಕ್ಕಿ. ಅದಕ್ಕೆ ಬಿಳಿ ಹುಬ್ಬು ಇದೆ, ಕಣ್ಣು ತಿಳಿ ಹಳದಿ. ಇವುಗಳ ಹೆಸರಿನ ಜೊತೆಗೆ, ಮುಂದೆ ನಾನೇ ಗುರುತಿಸಿಕೊಳ್ಳಲು ಏನನ್ನು ಮೊದಲು ನೋಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಕಾಜಾಣ (ಕ್ಯಾನ್ಬೆರಾ)

ಗೀಜಗ ಅವರೇ, ನಿಮ್ಮ ಚಿತ್ರಗಳಿಗಿಂತ ನಿಮ್ಮ ವಿವರಣೆಯೇ ಹೆಚ್ಚು ಉಪಯೋಗಕ್ಕೆ ಬಂತು. ಯಾವ ಹಕ್ಕಿ ಎಲ್ಲಿ, ಎಷ್ಟು ಎತ್ತರದಲ್ಲಿ, ಏನು ಮಾಡುತ್ತಿತ್ತು ಎಂದು ನೀವು ಬರೆದಿರುವುದರಿಂದ ಅರ್ಧ ಕೆಲಸ ಮುಗಿದಂತೆಯೇ.

ಮೊದಲನೆಯದು ಸೂಪರ್ಬ್ ಫೇರಿರೆನ್ ಗಂಡು. ಜೂನ್ ಎಂದರೆ ಇಲ್ಲಿ ಚಳಿಗಾಲ. ಗಂಡು ಎಂದರೆ ಉಜ್ವಲ ನೀಲಿ ಎಂದು ಓದಿಕೊಂಡವರಿಗೆ ಚಳಿಗಾಲದಲ್ಲಿ ಗೊಂದಲವಾಗುವುದು ಸಹಜ. ಮರಿ ಮಾಡುವ ಕಾಲ ಮುಗಿದ ಮೇಲೆ ಹೆಚ್ಚಿನ ಗಂಡುಗಳು ನೀಲಿ ಗರಿಗಳನ್ನು ಉದುರಿಸಿ ಹೆಣ್ಣಿನಂತೆಯೇ ಕಂದಾಗುತ್ತವೆ; ವಸಂತಕ್ಕೆ ಮುನ್ನ ಮತ್ತೆ ನೀಲಿ ತಳೆಯುತ್ತವೆ, ಅದರಲ್ಲೂ ವಯಸ್ಸಾದ ಗಂಡುಗಳು ಉಳಿದವುಗಳಿಗಿಂತ ಬೇಗ ತಳೆಯುತ್ತವೆ. ಕಂದಾಗಿರುವಾಗಲೂ ಗಂಡಿನ ಬಾಲ ನೀಲಿಯಾಗಿಯೂ ಕೊಕ್ಕು ಕಪ್ಪಾಗಿಯೂ ಉಳಿಯುತ್ತದೆ. ಹೆಣ್ಣಿನ ಬಾಲ ಕಂದು, ಕೊಕ್ಕು ಕೆಂಪುಮಿಶ್ರಿತ ಕಿತ್ತಳೆ. ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಅದೇ ಬಣ್ಣದ ಮಚ್ಚೆ ಇರುತ್ತದೆ. ಸಿಡ್ನಿಯಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ವೇರಿಗೇಟೆಡ್ ಫೇರಿರೆನ್ ಕೂಡ ಇದ್ದು, ಅದರ ಹೆಣ್ಣಿಗೆ ಕಣ್ಣಿನ ಸುತ್ತ ಗಾಢ ಕೆಂಗಂದು ಬಣ್ಣವೂ ಬೂದು ನೀಲಿ ಬಾಲವೂ ಒಟ್ಟಿಗೆ ಇರುತ್ತವೆ. ಆದ್ದರಿಂದ ನೀಲಿ ಬಾಲ ಕಂಡ ಮಾತ್ರಕ್ಕೆ ಸೂಪರ್ಬ್ ಗಂಡೆಂದು ಬರೆದುಕೊಳ್ಳದೆ ಮುಖವನ್ನೂ ನೋಡಬೇಕು. ನಿಮ್ಮ ಚಿತ್ರದಲ್ಲಿ ಮುಖದ ಮೇಲೆ ಕೆಂಪು ಇಲ್ಲ, ಕೊಕ್ಕಿನ ಬುಡದಿಂದ ಕಣ್ಣಿನವರೆಗೆ ಕಪ್ಪು ಪಟ್ಟಿಯೂ ಇಲ್ಲ. ಹಾಗಾಗಿ ನನಗೆ ಅನುಮಾನವಿಲ್ಲ.

ನಾಲ್ಕನೆಯದು ವೈಟ್‌ಬ್ರೌಡ್ ಸ್ಕ್ರಬ್‌ರೆನ್. ಬಿಳಿ ಹುಬ್ಬು, ತಿಳಿ ಕಣ್ಣು, ನೆಲದಲ್ಲಿಯೇ ಓಡಾಟ, ಹತ್ತಿರ ಹೋದರೆ ಬೈಯುವಂಥ ಕರ್ಕಶ ಸ್ವರ, ಇವಿಷ್ಟು ಸಾಕು.

ಎರಡು ಮತ್ತು ಮೂರು ಒಂದೇ ಜಾತಿಯಲ್ಲ. ಮೂರನೆಯದು ಬ್ರೌನ್ ಥಾರ್ನ್‌ಬಿಲ್. ಕಣ್ಣು ಕೆಂಪು, ಹಣೆಯ ಮೇಲೆ ಕೆಂಗಂದು ಬಣ್ಣದ ನಡುವೆ ತಿಳಿ ಬಣ್ಣದ ಸಣ್ಣ ಕಮಾನುಗಳು, ಗಂಟಲು ಮತ್ತು ಎದೆಯ ಬೂದು ಬಣ್ಣದ ಮೇಲೆ ಗಾಢ ಗೀಟುಗಳು. ಎರಡನೆಯದು ನನ್ನ ಅಂದಾಜಿನಲ್ಲಿ ಸ್ಟ್ರೈಯೇಟೆಡ್ ಥಾರ್ನ್‌ಬಿಲ್.

ಥಾರ್ನ್‌ಬಿಲ್‌ಗಳ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಅದನ್ನು ಯಾರೂ ಬಳಸುವುದಿಲ್ಲ ಎಂಬುದು ನನ್ನ ದೂರು. ಹಕ್ಕಿ ಹೊಸದಾದರೂ ಮರಗಳು ನಮಗೆ ಹೊಸವಲ್ಲ. ನೀಲಗಿರಿ, ಅಕೇಶಿಯಾ, ಗಾಳಿಮರ ಈ ಮೂರನ್ನೂ ನಾವು ಊರಿನಲ್ಲಿ ನೆಡುತೋಪುಗಳಾಗಿ ನೋಡಿಯೇ ಬೆಳೆದವರು. ಅವುಗಳ ತವರಿನಲ್ಲಿ ಆ ಮರಗಳೇ ಹಕ್ಕಿಯ ಹೆಸರನ್ನು ಮುಕ್ಕಾಲು ಪಾಲು ಹೇಳಿಬಿಡುತ್ತವೆ. ನೀಲಗಿರಿಯ ತುದಿಯ ಎಲೆಗಳಲ್ಲಿ ಗುಂಪಾಗಿ ಹುಳು ಹೆಕ್ಕುತ್ತಿದ್ದರೆ ಮೊದಲು ಸ್ಟ್ರೈಯೇಟೆಡ್ ಎಂದುಕೊಳ್ಳಿ. ಅಕೇಶಿಯಾ ಅಥವಾ ಗಾಳಿಮರದ ಹೊರತುದಿಗಳಲ್ಲಿದ್ದರೆ ಯೆಲ್ಲೋ ಥಾರ್ನ್‌ಬಿಲ್. ಕೆಳಗಿನ ಪೊದೆಗಳಲ್ಲಿದ್ದರೆ ಬ್ರೌನ್. ಮರಗಳು ವಿರಳವಾಗಿರುವ ಒಣ ಕಾಡಿನಲ್ಲಿ ತರಗೆಲೆ, ಬಿದ್ದ ದಿಮ್ಮಿಗಳ ನಡುವೆ ಬಿಳಿಚಿದ ಕಣ್ಣಿನ ಹಕ್ಕಿಯಾದರೆ ಬಫ್‌ರಂಪ್ಡ್. ಬಯಲಿನ ಹುಲ್ಲಿನಲ್ಲಿದ್ದು ಹಾರುವಾಗ ಬಾಲದ ಬುಡ ಅಚ್ಚ ಹಳದಿಯಾಗಿ ಹೊಳೆದರೆ ಯೆಲ್ಲೋರಂಪ್ಡ್. ಇದು ಕಟ್ಟುನಿಟ್ಟಿನ ನಿಯಮವೇನಲ್ಲ. ಬ್ರೌನ್ ಥಾರ್ನ್‌ಬಿಲ್ ಮರ ಹತ್ತುವುದುಂಟು, ಚಳಿಗಾಲದಲ್ಲಿ ಎಲ್ಲವೂ ಕಲೆತ ಗುಂಪಿನಲ್ಲಿ ಬರುವುದೂ ಉಂಟು. ಆದರೂ ಮೊದಲ ಪ್ರಶ್ನೆ ಬಣ್ಣದ್ದಾಗಿರಬಾರದು, ಮರದ್ದಾಗಿರಬೇಕು. ಆಮೇಲೆ ಕಣ್ಣು, ಹಣೆ, ಬಾಲದ ಬುಡ. ಮೈಬಣ್ಣ ಕೊನೆಗೆ ಬರಲಿ.

ಮಲೆನಾಡಿಗ (ಬ್ರಿಸ್ಬೇನ್)

ಕಾಜಾಣ ಅವರ ಮಾತಿಗೆ ಎದುರಾಡುವ ಧೈರ್ಯ ಮಾಡುತ್ತಿದ್ದೇನೆ. ಎರಡನೆಯ ಚಿತ್ರ ವೀಬಿಲ್ ಯಾಕಾಗಿರಬಾರದು? ವೀಬಿಲ್ ಕೂಡ ನೀಲಗಿರಿಯ ತುದಿಯಲ್ಲಿಯೇ ಇರುತ್ತದೆ, ಹಳದಿಮಿಶ್ರಿತ ಹೊಟ್ಟೆ, ತಿಳಿ ಹುಬ್ಬು, ಎಂಟೊಂಬತ್ತು ಸೆಂಟಿಮೀಟರ್ ಉದ್ದ. ಎಲೆಯ ಮುಂದೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಲ್ಲುವ ಅಭ್ಯಾಸವೂ ಅದಕ್ಕಿದೆ. ಒಂದೇ ಚಿತ್ರವನ್ನು ನೋಡಿ, ಅದೂ ಕೆಳಗಿನಿಂದ ತೆಗೆದ ಚಿತ್ರವನ್ನು ನೋಡಿ, ಇಷ್ಟು ಖಚಿತವಾಗಿ ಹೇಳುವುದು ಹೇಗೆ?

ಕಾಜಾಣ (ಕ್ಯಾನ್ಬೆರಾ)

ಎದುರಾಡಿದ್ದೇ ಒಳ್ಳೆಯದಾಯಿತು, ಏಕೆಂದರೆ ಇಲ್ಲಿ ಎಲ್ಲರೂ ಎಡವುವ ಜಾಗವಿದು. ವೀಬಿಲ್ ಆಸ್ಟ್ರೇಲಿಯದ ಅತಿ ಚಿಕ್ಕ ಹಕ್ಕಿ, ತೂಕ ಸುಮಾರು 6 ಗ್ರಾಂ. ಟಾಸ್ಮೇನಿಯವನ್ನು ಬಿಟ್ಟರೆ ಮುಖ್ಯ ಭೂಭಾಗದ ಬಹುಪಾಲು ಕಡೆ ಸಿಗುತ್ತದೆ. ಅದು ಒಣ ಕಾಡಿನ ಹಕ್ಕಿ. ಕರಾವಳಿಯ ತೇವದ ಕಾಡುಗಳಲ್ಲಿ ಅಪರೂಪ. ಆದರೆ ಜಾಗವೊಂದನ್ನೇ ನಂಬಿ ತೀರ್ಪು ಕೊಡಲಾಗದು ಎಂಬ ನಿಮ್ಮ ಮಾತು ಸರಿ.

ನಿರ್ಣಯ ಮಾಡುವುದು ಕೊಕ್ಕು ಮತ್ತು ನೆತ್ತಿ. ವೀಬಿಲ್‌ನ ಕೊಕ್ಕು ಗಿಡ್ಡ, ದಪ್ಪ, ತಿಳಿ ಬಣ್ಣದ್ದು. ಥಾರ್ನ್‌ಬಿಲ್‌ನದು ತೆಳು, ಚೂಪು, ಕಪ್ಪು. ವೀಬಿಲ್‌ನ ಕಣ್ಣು ಬಿಳಿಚಿದ ಕೆನೆ ಬಣ್ಣ. ಸ್ಟ್ರೈಯೇಟೆಡ್ ಥಾರ್ನ್‌ಬಿಲ್‌ನ ನೆತ್ತಿ ಕೆಂಗಂದು, ಅದರ ಮೇಲೆ ಉದ್ದುದ್ದಕ್ಕೆ ಬಿಳಿ ಗೆರೆಗಳು, ಕೆನ್ನೆಯ ಮೇಲೂ ಅಂಥವೇ ಗೆರೆಗಳು. ವೀಬಿಲ್‌ನ ನೆತ್ತಿಯಲ್ಲಿ ಅಂಥ ಗೆರೆಗಳಿಲ್ಲ. ಗೀಜಗ ಅವರು ಹಾಕಿರುವ ಚಿತ್ರದಲ್ಲಿ ನೆತ್ತಿ ಕಾಣುತ್ತಿಲ್ಲ, ಕೊಕ್ಕು ಎಲೆಯ ಹಿಂದಿದೆ. ಅದೇ ಸರಣಿಯ ಉಳಿದ ಚಿತ್ರಗಳಿದ್ದರೆ, ಅವು ಮಸುಕಾಗಿದ್ದರೂ ಅಡ್ಡಿಯಿಲ್ಲ, ತಿದ್ದದೆ ಹಾಗೆಯೇ ಹಾಕಲಿ. ಚೆಂದದ ಚಿತ್ರ ಒಂದನ್ನು ಉಳಿಸಿಕೊಂಡು ಉಳಿದವನ್ನು ಅಳಿಸಿಬಿಡುವ ಅಭ್ಯಾಸದಿಂದಲೇ ಎಷ್ಟೋ ಹಕ್ಕಿಗಳು ಹೆಸರಿಲ್ಲದೆ ಉಳಿಯುತ್ತವೆ. ನೆತ್ತಿ, ಬೆನ್ನು, ಬಾಲದ ಬುಡ ಕಾಣುವ ಕೆಟ್ಟ ಚಿತ್ರವೇ ಗುರುತಿಗೆ ಬೇಕಾದದ್ದು.

ಗೀಜಗ (ಸಿಡ್ನಿ)

ಅದೇ ಸರಣಿಯ ಐದು ಚಿತ್ರಗಳನ್ನು ಈಗ ಸೇರಿಸಿದ್ದೇನೆ. ಮೂರನೆಯದರಲ್ಲಿ ಹಕ್ಕಿ ತಲೆ ತಗ್ಗಿಸಿದೆ, ನೆತ್ತಿಯ ಮೇಲೆ ಬಿಳಿ ಗೀಟುಗಳಿವೆ. ಐದನೆಯದರಲ್ಲಿ ಕೊಕ್ಕು ಆಕಾಶದ ಮುಂದೆ ಕಪ್ಪಾಗಿ, ಸೂಜಿಯಷ್ಟು ಸಣ್ಣದಾಗಿ ಕಾಣುತ್ತದೆ.

ಮಲೆನಾಡಿಗ (ಬ್ರಿಸ್ಬೇನ್)

ಒಪ್ಪಿದೆ, ಸ್ಟ್ರೈಯೇಟೆಡ್ ಥಾರ್ನ್‌ಬಿಲ್ ಅದು. ಕೊಕ್ಕಿನ ಚಿತ್ರ ಬಂದ ಮೇಲೆ ಚರ್ಚೆಗೆ ಜಾಗವಿಲ್ಲ.

ಕೆಂಬೂತ (ಮೆಲ್ಬರ್ನ್)

ಗುರುತಿಸುವ ವಿಷಯವನ್ನು ಬಲ್ಲವರು ಹೇಳಿಯಾಯಿತು. ಚಿತ್ರ ತೆಗೆಯುವ ಬಗ್ಗೆ ನಾನು ಸ್ವಲ್ಪ ಬರೆಯುತ್ತೇನೆ. ಗೀಜಗ ಅವರ ಚಿತ್ರಗಳ ತೊಂದರೆ ಕ್ಯಾಮೆರಾದ್ದಲ್ಲ, ದೂರದ್ದು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 500 ಮಿಲಿಮೀಟರ್ ಲೆನ್ಸ್ ಹಾಕಿ 6 ಮೀಟರ್ ದೂರದಲ್ಲಿರುವ ಫೇರಿರೆನ್ ಚಿತ್ರ ತೆಗೆದರೆ, ಬಾಲವೂ ಸೇರಿ ಸುಮಾರು 14 ಸೆಂಟಿಮೀಟರ್ ಉದ್ದದ ಆ ಹಕ್ಕಿ ಚೌಕಟ್ಟಿನ ಅಗಲದ ಮೂರನೆಯ ಒಂದು ಭಾಗವನ್ನು ತುಂಬುತ್ತದೆ. ಅದೇ ಲೆನ್ಸಿನಲ್ಲಿ 15 ಮೀಟರ್ ಎತ್ತರದ ಕೊಂಬೆಯಲ್ಲಿರುವ 10 ಸೆಂಟಿಮೀಟರಿನ ಥಾರ್ನ್‌ಬಿಲ್ ಹತ್ತನೆಯ ಒಂದು ಭಾಗವನ್ನು ಮಾತ್ರ ತುಂಬುತ್ತದೆ. ಉಳಿದದ್ದೆಲ್ಲ ಎಲೆ ಮತ್ತು ಆಕಾಶ. ಅದನ್ನು ಕ್ರಾಪ್ ಮಾಡಿ ಹಿಗ್ಗಿಸಿದರೆ ಎದೆಯ ಗೀಟುಗಳು ಇರುವುದೇ ಇಲ್ಲ. ಆದ್ದರಿಂದ ಮರದ ತುದಿಯ ಹಕ್ಕಿಯ ಹಿಂದೆ ಕತ್ತು ನೋಯಿಸಿಕೊಳ್ಳುವುದಕ್ಕಿಂತ ಇಳಿಜಾರಿನ ಮೇಲೆ ಸಾಗುವ ದಾರಿಯನ್ನು ಹುಡುಕುವುದು ಲೇಸು. ಕಣಿವೆಯಲ್ಲಿ ಬೆಳೆದ ಮರದ ತುದಿ ಅಲ್ಲಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ.

ಹತ್ತಿರದ ಹಕ್ಕಿಗೆ ಬೇರೆ ಸಮಸ್ಯೆ. 500 ಮಿಲಿಮೀಟರ್ ಲೆನ್ಸ್, ಅದರ ಬೆಳಕಿನ ಕಿಂಡಿಯ ಅಳತೆ ಎಫ್ 6.3, 6 ಮೀಟರ್ ದೂರ ಎಂದರೆ ಸ್ಪಷ್ಟವಾಗಿ ಕಾಣುವ ಆಳ ಐದಾರು ಸೆಂಟಿಮೀಟರ್ ಮಾತ್ರ. ಹಕ್ಕಿ ಓರೆಯಾಗಿ ನಿಂತಿದ್ದರೆ ಕಣ್ಣು ಸ್ಪಷ್ಟವಾಗಿ ಬಾಲ ಮಸುಕಾಗುತ್ತದೆ. ಫೇರಿರೆನ್ ವಿಷಯದಲ್ಲಿ ಬಾಲದ ಬಣ್ಣವೂ ಬೇಕಾಗಿರುವುದರಿಂದ ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು, ಅಥವಾ ಬೆಳಕಿದ್ದರೆ ಕಿಂಡಿಯನ್ನು ಕಿರಿದಾಗಿಸಿ ಎಫ್ 8ಕ್ಕೆ ಹೋಗಬೇಕು. ಶಟರ್ ವೇಗವನ್ನು 1/1600 ಸೆಕೆಂಡಿಗಿಂತ ಕೆಳಗೆ ಇಳಿಸದಿದ್ದರೆ ಒಳ್ಳೆಯದು. ಇವು ಕೂತಲ್ಲಿ ಕೂರುವ ಹಕ್ಕಿಗಳಲ್ಲ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಅಂದರೆ ಐಎಸ್‌ಒ, 3200 ಅಥವಾ 6400 ಆದರೂ ಚಿಂತೆಯಿಲ್ಲ, ಅಲುಗಿದ ಚಿತ್ರಕ್ಕಿಂತ ಕಾಳುಕಾಳಾದ ಚಿತ್ರ ಮೇಲು. ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಹೊಸ ಕ್ಯಾಮೆರಾಗಳ ಆಟೋಫೋಕಸ್ ದಟ್ಟ ಪೊದೆಯಲ್ಲಿ ಮುಂದಿನ ಕಡ್ಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಥ ಕಡೆ ಒಂದೇ ಸಣ್ಣ ಬಿಂದುವಿನ ಫೋಕಸ್ ಇಟ್ಟುಕೊಂಡು ಕಡ್ಡಿಗಳ ನಡುವಿನ ಸಂದಿಯಲ್ಲಿ ತೂರಿಸಿ.

ಬೆಳಕಿನ ವಿಷಯದಲ್ಲಿ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ, ಹಾಗಾಗಿ ಉತ್ತರಕ್ಕೆ ಬೆನ್ನು ಮಾಡಿ ನಿಲ್ಲಬೇಕು. ಮೈಸೂರಿನಲ್ಲಿ ಡಿಸೆಂಬರ್ ಕೊನೆಯಲ್ಲಿಯೂ ನಡುಮಧ್ಯಾಹ್ನದ ಸೂರ್ಯ ದಿಗಂತದಿಂದ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಸಿಡ್ನಿಯಲ್ಲಿ ಜೂನ್ ಕೊನೆಯಲ್ಲಿ 33 ಡಿಗ್ರಿ, ಇಲ್ಲಿ ಮೆಲ್ಬರ್ನಿನಲ್ಲಿ 29 ಡಿಗ್ರಿ ಮಾತ್ರ. ಆದ್ದರಿಂದ ಚಳಿಗಾಲದಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕ್ಯಾಮೆರಾ ಒಳಗಿಡುವ ಅಗತ್ಯವೇ ಇಲ್ಲ, ದಿನವಿಡೀ ಓರೆ ಬೆಳಕು ಸಿಗುತ್ತದೆ. ಬೇಸಿಗೆಯಲ್ಲಿ ಮಾತ್ರ ಉಲ್ಟಾ. ಆಗ ಸೂರ್ಯ ನೆತ್ತಿಯ ಹತ್ತಿರಕ್ಕೆ ಬರುತ್ತಾನೆ, ನೀಲಗಿರಿಯ ಎಲೆಗಳು ನೇತುಬಿದ್ದಿರುವುದರಿಂದ ಬಿಸಿಲು ನೇರ ಕೆಳಕ್ಕೆ ಬೀಳುತ್ತದೆ, ಹಕ್ಕಿಯ ಬೆನ್ನು ಬೆಳ್ಳಗೆ, ಹೊಟ್ಟೆ ಕಪ್ಪಗೆ.

ನೀಲಿ ಗಂಡಿನ ಬಗ್ಗೆ ಒಂದು ಮಾತು. ಅದರ ನೀಲಿ ವರ್ಣದ್ರವ್ಯದಿಂದ ಬಂದದ್ದಲ್ಲ, ಗರಿಯ ಒಳರಚನೆಯಲ್ಲಿ ಬೆಳಕು ಚದುರುವುದರಿಂದ ಬಂದದ್ದು. ನೆರಳಿನಲ್ಲಿ ಅದೇ ಹಕ್ಕಿ ಮಂಕಾಗಿ ಕಾಣುತ್ತದೆ, ನೇರ ಬಿಸಿಲಿನಲ್ಲಿ ಗರಿಯ ಗೆರೆಗಳೇ ಕಾಣದಷ್ಟು ಹೊಳೆಯುತ್ತದೆ. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಎಲ್ಲ ಸರಿಯಿದೆ ಎಂದು ತೋರಿಸಿದರೂ ನೀಲಿ ಚಾನೆಲ್ ಒಂದೇ ತುಂಬಿ ಚೆಲ್ಲಿರಬಹುದು. ಮೂರೂ ಬಣ್ಣಗಳ ಹಿಸ್ಟೋಗ್ರಾಂ ಬೇರೆಬೇರೆಯಾಗಿ ತೋರಿಸುವ ಸೌಲಭ್ಯವಿದ್ದರೆ ಅದನ್ನು ಹಾಕಿಕೊಳ್ಳಿ, ಎಕ್ಸ್‌ಪೋಷರನ್ನು ಅರ್ಧ ಸ್ಟಾಪಿನಷ್ಟು ತಗ್ಗಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ), ಕ್ಯಾಮೆರಾ ತಿದ್ದದ ಮೂಲ ರೂಪವಾದ ರಾ ಫೈಲ್ ಉಳಿಸಿ. ತೆಳು ಮೋಡದ ದಿನವೇ ಈ ಹಕ್ಕಿಗೆ ತಕ್ಕ ದಿನ. ಆಕಾಶದ ಮುಂದಿನ ಥಾರ್ನ್‌ಬಿಲ್‌ಗೆ ಇದರ ತದ್ವಿರುದ್ಧ: ಒಂದು ಅಥವಾ ಒಂದೂವರೆ ಸ್ಟಾಪ್ ಏರಿಸದಿದ್ದರೆ ಕರಿಯ ನೆರಳು ಮಾತ್ರ ಸಿಗುತ್ತದೆ.

ಇನ್ನೊಂದು ವಿಷಯ, ಇದು ಗುರುತಿಸುವವರಿಗೂ ಸಂಬಂಧಿಸಿದ್ದು. ಈಚೆಗೆ ಎಲ್ಲರೂ ಚಿತ್ರವನ್ನು ಮೊದಲು ಎಐ ಆಧಾರಿತ ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯುವ ತಂತ್ರಾಂಶಕ್ಕೆ ಹಾಕುತ್ತಾರೆ, ಆಮೇಲೆ ಹೆಸರು ಕೇಳುತ್ತಾರೆ. ಬ್ರೌನ್ ಥಾರ್ನ್‌ಬಿಲ್‌ನ ಎದೆಯ ಗೀಟುಗಳನ್ನು ಆ ತಂತ್ರಾಂಶಗಳು ನಾಯ್ಸ್ ಎಂದುಕೊಂಡು ಒರೆಸಿಹಾಕಬಹುದು. ಮತ್ತೊಮ್ಮೆ ಇಲ್ಲದ ಗರಿಗಳನ್ನು ತಾವೇ ಹೆಣೆದು ಕೊಡಬಹುದು. ಬಣ್ಣದ ಸಾಂದ್ರತೆ ಏರಿಸಿದರೆ ಎಲೆಗಳಿಂದ ಮೈಮೇಲೆ ಬಿದ್ದ ಹಸಿರು ಛಾಯೆ ಹಳದಿಯಾಗಿ ಸ್ಟ್ರೈಯೇಟೆಡ್ ಹಕ್ಕಿ ಯೆಲ್ಲೋ ಆಗಿಬಿಡುತ್ತದೆ. ಹೆಸರು ಗೊತ್ತಾಗುವವರೆಗೆ ತಿದ್ದುವ ಕೆಲಸವನ್ನು ಮುಂದೂಡಿ.

ಶರಾವತಿ (ಬೆಂಗಳೂರು)

ನಾನು ಅಕ್ಟೋಬರಿನಲ್ಲಿ ಮಗಳ ಮನೆಗೆ ಅಡಿಲೇಡಿಗೆ ಹೋಗುತ್ತಿದ್ದೇನೆ, ಇದ್ದಷ್ಟು ವಾರಗಳಲ್ಲಿ ಆದಷ್ಟು ಹಕ್ಕಿಗಳ ಚಿತ್ರ ತೆಗೆಯುವ ಆಸೆ. ನನ್ನ ಪರಿಚಯದ ಕೆಲವರು ಇಂಥ ಪೊದೆಯ ಹಕ್ಕಿಗಳನ್ನು ಹೊರಗೆ ಕರೆಯಲು ಮೊಬೈಲಿನಲ್ಲಿ ಅವುಗಳ ಕೂಗನ್ನೇ ಹಾಕುತ್ತಾರೆ. ಅಲ್ಲಿ ಇದು ನಡೆಯುತ್ತದೆಯೇ? ಒಂದೆರಡು ಸಲ ಹಾಕಿದರೆ ಏನಾಗುತ್ತದೆ?

ಮಡಿವಾಳ (ಹೋಬಾರ್ಟ್)

ಶರಾವತಿ ಅಮ್ಮನವರಿಗೆ ನಮಸ್ಕಾರ. ದಯವಿಟ್ಟು ಹಾಕಬೇಡಿ, ಅದರಲ್ಲೂ ಅಕ್ಟೋಬರಿನಲ್ಲಿ. ಅದು ನಡು ವಸಂತ, ಗೂಡಿನಲ್ಲಿ ಮೊಟ್ಟೆ ಮರಿಗಳಿರುವ ಕಾಲ. ಬರ್ಡ್‌ಲೈಫ್ ಆಸ್ಟ್ರೇಲಿಯ ಸಂಸ್ಥೆಯ ನೈತಿಕ ಮಾರ್ಗಸೂಚಿಯೂ ಇದನ್ನು ಪ್ರೋತ್ಸಾಹಿಸುವುದಿಲ್ಲ.

ಏನಾಗುತ್ತದೆ ಎಂದು ಕೇಳಿದ್ದೀರಿ. ಫೇರಿರೆನ್‌ಗಳು ಗುಂಪಾಗಿ ಒಂದು ಜಾಗವನ್ನು ವರ್ಷವಿಡೀ ಕಾಯ್ದುಕೊಂಡಿರುತ್ತವೆ. ಮರಿ ಸಾಕುವ ಕೆಲಸದಲ್ಲಿ ತಂದೆತಾಯಿಯರ ಜೊತೆಗೆ ಗುಂಪಿನ ಉಳಿದ ಹಕ್ಕಿಗಳೂ ಕೈಜೋಡಿಸುತ್ತವೆ. ಮೊಬೈಲಿನ ಕೂಗು ಅವಕ್ಕೆ ಗಡಿ ದಾಟಿ ಬಂದ ಪರಕೀಯನ ಕೂಗು. ಗುಂಪು ತಿನ್ನುವುದನ್ನೂ ಉಣಿಸುವುದನ್ನೂ ಬಿಟ್ಟು ಜಗಳಕ್ಕೆ ಬರುತ್ತದೆ. ನೀವು ಒಂದೆರಡು ಸಲವೇ ಹಾಕಿದಿರಿ ಎಂದಿಟ್ಟುಕೊಳ್ಳಿ, ಅದೇ ದಾರಿಯಲ್ಲಿ ಅದೇ ದಿನ ಇನ್ನೆಷ್ಟು ಮಂದಿ ಹಾಕುತ್ತಾರೋ ಆ ಹಕ್ಕಿಗೆ ಅದೆಲ್ಲದರ ಮೊತ್ತ ಬೀಳುತ್ತದೆ. ಮೇಲಾಗಿ ಕರವಾಂಗ್, ಕಾಗೆ, ಕುಕಬರಾಗಳು ಗೂಡು ದೋಚುವ ಹಕ್ಕಿಗಳು. ಸಣ್ಣ ಹಕ್ಕಿಗಳ ಗದ್ದಲ ಎಲ್ಲಿದೆ ಎಂಬುದನ್ನು ಅವು ಗಮನಿಸುತ್ತಿರುತ್ತವೆ. ಗೂಡಿನ ಮುಂದಿನ ಎಲೆ ಸರಿಸಿ ಚಿತ್ರ ತೆಗೆಯುವುದನ್ನಂತೂ ಎಂದಿಗೂ ಮಾಡಬಾರದು.

ಪಾರ್ಡಲೋಟ್ ಹಕ್ಕಿಯ ವಿಷಯದಲ್ಲಿ ಈ ಆಮಿಷ ಬಹಳ. ಸ್ಪಾಟೆಡ್ ಪಾರ್ಡಲೋಟ್ ವರ್ಷದ ಬಹುಕಾಲ ನೀಲಗಿರಿಯ ತುದಿಯಲ್ಲಿ, ಎಲೆಗಳಿಗೆ ಅಂಟಿಕೊಂಡ ಸಣ್ಣ ಕೀಟಗಳ ಸಕ್ಕರೆಯಂಥ ಹೊದಿಕೆಯನ್ನು ಹೆಕ್ಕುತ್ತ ಇರುತ್ತದೆ. ಮೂರು ಸ್ವರದ ಕರೆ ಕೇಳುತ್ತದೆಯೇ ಹೊರತು ಹಕ್ಕಿ ಕಾಣುವುದಿಲ್ಲ. ಆದರೆ ಗೂಡನ್ನು ಮಾತ್ರ ಮಣ್ಣಿನ ದಿಬ್ಬದಲ್ಲಿ ಬಿಲ ಕೊರೆದು ಮಾಡುತ್ತದೆ. ಕಪ್ಪು ನೆತ್ತಿಯ ಮೇಲೆ ಬಿಳಿ ಚುಕ್ಕೆ, ಗಂಟಲಿನಲ್ಲಿ ಹಳದಿ ಹೊತ್ತ ಗಂಡು ಮೊಣಕಾಲಿನ ಎತ್ತರದಲ್ಲಿ ಬಂದು ಹೋಗಿ ಮಾಡುವಾಗ ಬಿಲದ ಮುಂದೆ ಟ್ರೈಪಾಡ್ ಹೂಡಿ ಕೂರುವವರಿದ್ದಾರೆ. ಹಕ್ಕಿ ಬಾಯಲ್ಲಿ ಆಹಾರ ಹಿಡಿದುಕೊಂಡು ಪಕ್ಕದ ಕೊಂಬೆಯಲ್ಲಿಯೇ ಕಾಯುತ್ತಿದೆ, ಬಿಲಕ್ಕೆ ಇಳಿಯುತ್ತಿಲ್ಲ ಎಂದರೆ ನೀವು ತೀರ ಹತ್ತಿರದಲ್ಲಿದ್ದೀರಿ ಎಂದೇ ಅರ್ಥ, ಎದ್ದು ಹಿಂದೆ ಸರಿಯಬೇಕು. ನಮ್ಮ ಟಾಸ್ಮೇನಿಯದಲ್ಲಿ ಫಾರ್ಟಿಸ್ಪಾಟೆಡ್ ಪಾರ್ಡಲೋಟ್ ಎಂಬ ಅಳಿವಿನಂಚಿನ ಹಕ್ಕಿ ಇದೆ. ಬ್ರೂನಿ ಮತ್ತು ಮರಾಯಾ ದ್ವೀಪಗಳೇ ಈಗ ಅದರ ಮುಖ್ಯ ನೆಲೆ, ವೈಟ್ ಗಮ್ ಎಂಬ ಒಂದೇ ಜಾತಿಯ ನೀಲಗಿರಿಯನ್ನು ನಂಬಿಕೊಂಡು ಬದುಕುತ್ತದೆ. ಮರಿಗಳ ರಕ್ತ ಹೀರುವ ನೊಣದ ಹುಳುಗಳ ಕಾಟವೂ ಅದಕ್ಕಿದೆ. ಇಂಥದರ ಮೇಲೆ ನಮ್ಮ ಕಾಟವನ್ನೂ ಸೇರಿಸಬೇಕಾಗಿಲ್ಲ.

ಕೂಗು ಹಾಕದೆಯೂ ಹಕ್ಕಿ ಹತ್ತಿರ ಬರುತ್ತದೆ. ಪೊದೆಯೂ ಹುಲ್ಲೂ ಸೇರುವ ಅಂಚಿನಲ್ಲಿ, ಬೆಳಗಿನ ಬಿಸಿಲು ಮೊದಲು ಬೀಳುವ ಕಡೆ, ನೆಲಕ್ಕೆ ಕೂತುಬಿಡಿ. ಫೇರಿರೆನ್ ಗುಂಪು ತನ್ನ ಜಾಗದಲ್ಲಿ ಸುತ್ತುತ್ತಲೇ ಇರುತ್ತದೆ. ಬಾಲ ನಿಮಿರಿಸಿದ ಒಂದು ಹಕ್ಕಿ ಮೊದಲು ಕಾಣಿಸುತ್ತದೆ, ನಿಮ್ಮನ್ನು ನೋಡಿ ಚುರುಕಾಗಿ ಕರೆಯುತ್ತದೆ. ನೀವು ಅಲುಗದಿದ್ದರೆ ಉಳಿದವು ಅದರ ಹಿಂದೆ ಕುಪ್ಪಳಿಸುತ್ತ ಬಂದು ನಿಮ್ಮ ಬೂಟಿನ ಪಕ್ಕದ ಹುಳುವನ್ನೂ ಬಿಡುವುದಿಲ್ಲ. ಕೂತು ತೆಗೆದ ಚಿತ್ರದಲ್ಲಿ ಹಕ್ಕಿಯ ಕಣ್ಣು ಲೆನ್ಸಿನ ಮಟ್ಟದಲ್ಲಿರುತ್ತದೆ ಎಂಬುದು ಹೆಚ್ಚುವರಿ ಲಾಭ.

ಮಲೆನಾಡಿಗ (ಬ್ರಿಸ್ಬೇನ್)

ನೆಲಕ್ಕೆ ಕೂರುವವರಿಗೆ ಒಂದು ಸೂಚನೆ: ಪೂರ್ವ ಕರಾವಳಿಯ ತೇವದ ಪೊದೆಗಳಲ್ಲಿ ಪ್ಯಾರಾಲಿಸಿಸ್ ಟಿಕ್ ಎಂಬ ಉಣ್ಣೆ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ, ಮನೆಗೆ ಬಂದು ಕಿವಿಯ ಹಿಂಭಾಗ, ಕಂಕುಳು ನೋಡಿಕೊಳ್ಳಿ. ಬೇಸಿಗೆಯಲ್ಲಿ ಹಾವುಗಳನ್ನೂ ಮರೆಯಬೇಡಿ.

ಪಿಕಳಾರ (ಪಶ್ಚಿಮ ಸಿಡ್ನಿ)

ನೀವೆಲ್ಲ ಬರೆದ ಒಂದು ಹಕ್ಕಿಯೂ ನಮ್ಮ ಬಡಾವಣೆಯಲ್ಲಿಲ್ಲ. ದೊಡ್ಡ ದೊಡ್ಡ ನೀಲಗಿರಿ ಮರಗಳಿವೆ, ಕೆಳಗೆ ಕತ್ತರಿಸಿದ ಹುಲ್ಲುಹಾಸಿದೆ, ಎದುರಿಗೆ ಪಾರ್ಕ್ ಇದೆ. ಬೆಳಗಾದರೆ ಕಣ್ಣಿನ ಹಿಂದೆ ಹಳದಿ ಪಟ್ಟೆಯಿರುವ ಮೈನಾಗಳ ಗಲಾಟೆಯೊಂದೇ. ನಮ್ಮ ಊರಿನ ಗೊರವಂಕ ಇಲ್ಲಿಗೆ ಬಂದು ಉಳಿದವನ್ನೆಲ್ಲ ಓಡಿಸಿದೆ ಎಂದು ಪಕ್ಕದ ಮನೆಯವರು ನನ್ನನ್ನೇ ನೋಡಿ ಹೇಳುತ್ತಾರೆ.

ಕಾಜಾಣ (ಕ್ಯಾನ್ಬೆರಾ)

ಪಿಕಳಾರ ಅವರೇ, ಆ ಆಪಾದನೆಯ ಅರ್ಧವನ್ನು ನೀವು ಹೊರಬೇಕಾಗಿಲ್ಲ. ಇಲ್ಲಿ ಎರಡು ಹಕ್ಕಿಗಳಿವೆ, ಎರಡರ ಕೊಕ್ಕೂ ಹಳದಿ, ಎರಡರ ಕಣ್ಣಿನ ಬಳಿಯೂ ಹಳದಿ ಚರ್ಮ. ಚಾಕಲೇಟು ಕಂದು ಮೈ, ಕಪ್ಪು ತಲೆ, ಹಾರುವಾಗ ರೆಕ್ಕೆಯಲ್ಲಿ ಬಿಳಿ ಮಚ್ಚೆ ಕಾಣುವುದು ನಮ್ಮ ಗೊರವಂಕ; ಕೀಟ ನಿಯಂತ್ರಣಕ್ಕೆಂದು 1860ರ ದಶಕದಲ್ಲಿ ಮೆಲ್ಬರ್ನಿಗೆ ತಂದು ಬಿಟ್ಟದ್ದು. ಬೂದು ಮೈ, ಕಪ್ಪು ಕೆನ್ನೆ, ಬಿಳಿ ಹಣೆ ಇರುವುದು ನಾಯ್ಸಿ ಮೈನರ್. ಅದು ಅಪ್ಪಟ ಆಸ್ಟ್ರೇಲಿಯದ ಹಕ್ಕಿ, ಹನಿಈಟರ್ ಕುಟುಂಬಕ್ಕೆ ಸೇರಿದ್ದು, ಗೊರವಂಕಕ್ಕೂ ಅದಕ್ಕೂ ನಂಟಿಲ್ಲ. ಗೊರವಂಕ ಮುಖ್ಯವಾಗಿ ಪೊಟರೆಗಳಿಗಾಗಿ ಜಗಳವಾಡುತ್ತದೆ. ಮರದ ತುದಿಯಿಂದ ನೆಲದವರೆಗೆ ಸಣ್ಣ ಹಕ್ಕಿಗಳನ್ನು ಗುಂಪುಕಟ್ಟಿಕೊಂಡು ಅಟ್ಟುವುದು ನಾಯ್ಸಿ ಮೈನರ್. 2014ರಲ್ಲಿ ಕೇಂದ್ರ ಸರ್ಕಾರವೇ ಇದನ್ನು ಅಳಿವಿನ ಭೀತಿ ತರುವ ಪ್ರಮುಖ ಪ್ರಕ್ರಿಯೆಗಳ ಪಟ್ಟಿಗೆ ಸೇರಿಸಿತು.

ನೀವು ವರ್ಣಿಸಿದ ಬಡಾವಣೆ ಆ ಹಕ್ಕಿಗೆ ಹೇಳಿ ಮಾಡಿಸಿದ್ದು: ಮೇಲೆ ಮರ, ಕೆಳಗೆ ಹುಲ್ಲು, ನಡುವೆ ಏನೂ ಇಲ್ಲ. ಫೇರಿರೆನ್, ಥಾರ್ನ್‌ಬಿಲ್‌ಗಳಿಗೆ ಬೇಕಾದದ್ದು ಆ ನಡುವಿನ ಪದರ. ನಾಲ್ಕೈದು ಅಡಿ ಎತ್ತರದ, ಕೈ ತೂರಿಸಲಾಗದಷ್ಟು ದಟ್ಟವಾದ ಮುಳ್ಳುಪೊದೆಗಳು, ಒಂದಕ್ಕೊಂದು ತಾಗಿಕೊಂಡಿದ್ದರೆ ಇನ್ನೂ ಒಳ್ಳೆಯದು. ಹಕೇಯಾ, ಬರ್ಸೇರಿಯಾ ಗಿಡಗಳನ್ನು ನೆಡುವವರಿದ್ದಾರೆ. ದೊಡ್ಡ ಹೂವಿನ ಹೈಬ್ರಿಡ್ ಗ್ರೆವಿಲಿಯಾ ಮಾತ್ರ ಬೇಡ. ಅದರ ಮಕರಂದಕ್ಕೆ ಮೊದಲು ಬರುವುದೂ ಕೊನೆಗೆ ಉಳಿಯುವುದೂ ಮೈನರ್‌ಗಳೇ.

ಪಿಕಳಾರ (ಪಶ್ಚಿಮ ಸಿಡ್ನಿ)

ಬೂದು ಮೈ, ಬಿಳಿ ಹಣೆ. ನಮ್ಮಲ್ಲಿರುವುದು ಮೈನರ್. ಪಕ್ಕದ ಮನೆಯವರಿಗೆ ತಿಳಿಸುತ್ತೇನೆ.

ಕೆಂಬೂತ (ಮೆಲ್ಬರ್ನ್)

ಚಳಿಗಾಲದ ಮಾತು ಬಂದಿರುವುದರಿಂದ ರಾಬಿನ್‌ಗಳ ಬಗ್ಗೆಯೂ ಬರೆದುಬಿಡುತ್ತೇನೆ, ಏಕೆಂದರೆ ಅವುಗಳ ಗಂಡು ಸುಲಭ, ಹೆಣ್ಣು ಕಷ್ಟ. ಇವಕ್ಕೂ ಯುರೋಪಿನ ರಾಬಿನ್‌ಗೂ ನಮ್ಮ ಊರಿನ ಮಡಿವಾಳ ಹಕ್ಕಿಗೂ ಹೆಸರಿನ ನಂಟು ಮಾತ್ರ. ಸ್ಕಾರ್ಲೆಟ್ ರಾಬಿನ್ ಗಂಡಿಗೆ ಕಪ್ಪು ಗಂಟಲು, ಹಣೆಯಲ್ಲಿ ದೊಡ್ಡ ಬಿಳಿ ಮಚ್ಚೆ. ಫ್ಲೇಮ್ ರಾಬಿನ್ ಗಂಡಿನ ಎದೆಯ ಕಿತ್ತಳೆ ಬಣ್ಣ ಗಂಟಲಿನವರೆಗೂ ಏರಿರುತ್ತದೆ, ಬೆನ್ನು ಗಾಢ ಬೂದು, ಹಣೆಯ ಬಿಳಿ ಮಚ್ಚೆ ಚಿಕ್ಕದು. ಹೆಣ್ಣುಗಳೆರಡೂ ಕಂದು, ಆದರೆ ಸ್ಕಾರ್ಲೆಟ್ ಹೆಣ್ಣಿನ ಎದೆಯ ಮೇಲೆ ಕೆಂಪು ಛಾಯೆ ಇರುತ್ತದೆ. ಫ್ಲೇಮ್ ರಾಬಿನ್ ಬೇಸಿಗೆಯಲ್ಲಿ ಬೆಟ್ಟದಲ್ಲಿದ್ದು ಚಳಿಗಾಲಕ್ಕೆ ಬಯಲಿಗೆ ಇಳಿಯುತ್ತದೆ. ಮೆಲ್ಬರ್ನಿನವರು ಪಾಯಿಂಟ್ ಕುಕ್ ಕಡೆ ಬೇಲಿಗೂಟಗಳನ್ನು ನೋಡುತ್ತ ಹೋಗಲಿ. ಗೂಟದ ಮೇಲಿಂದ ನೆಲಕ್ಕೆ ಹಾರಿ, ಹುಳು ಹಿಡಿದು, ಮತ್ತೆ ಗೂಟಕ್ಕೆ ಮರಳುವ ಹಕ್ಕಿಯಾದ್ದರಿಂದ ಮುಂದಿನ ಗೂಟಕ್ಕೆ ಮೊದಲೇ ಫೋಕಸ್ ಮಾಡಿ ಕಾಯಬಹುದು. ಈಸ್ಟರ್ನ್ ಯೆಲ್ಲೋ ರಾಬಿನ್ ಇನ್ನೂ ಸುಲಭ, ಮರದ ಬೊಡ್ಡೆಗೆ ಅಡ್ಡಲಾಗಿ ಕಚ್ಚಿಕೊಂಡು ನಿಮ್ಮನ್ನೇ ನೋಡುತ್ತದೆ. ಹೊಸದಾಗಿ ಲೆನ್ಸ್ ಕೊಂಡವರು ಅದರಿಂದ ಆರಂಭಿಸಲಿ.

ಗೀಜಗ (ಸಿಡ್ನಿ)

ಎಲ್ಲರಿಗೂ ಧನ್ಯವಾದ. ನಿನ್ನೆ ಒಂದು ನದೀಮುಖದ ಬಳಿ ಗಾಳಿಮರಗಳ ಸಾಲಿನಲ್ಲಿ ತೆಗೆದ ಚಿತ್ರವೊಂದನ್ನು ತಿದ್ದದೆ ಹಾಕಿದ್ದೇನೆ. ಹಕ್ಕಿ ಮರದ ಹೊರತುದಿಯಲ್ಲಿತ್ತು, ಹೊಟ್ಟೆ ಹಳದಿ, ಕಣ್ಣು ಕಪ್ಪೆನ್ನಿಸುತ್ತದೆ. ಕಾಜಾಣ ಅವರ ಲೆಕ್ಕದಂತೆ ಇದು ಯೆಲ್ಲೋ ಥಾರ್ನ್‌ಬಿಲ್ ಆಗಬೇಕಲ್ಲವೇ? ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ಪಟ್ಟಿಗೆ ಹಾಗೆಯೇ ಸೇರಿಸಲೇ?

ಕಾಜಾಣ (ಕ್ಯಾನ್ಬೆರಾ)

ಮರ ಸರಿಯಿದೆ, ಹಳದಿಯೂ ಸರಿಯಿದೆ, ಆದರೆ ಮುಖ ಪೂರ್ತಿ ನೆರಳಿನಲ್ಲಿದೆ. ನೆರಳಿನಲ್ಲಿ ಬ್ರೌನ್ ಥಾರ್ನ್‌ಬಿಲ್‌ನ ಕೆಂಪು ಕಣ್ಣೂ ಕಪ್ಪಾಗಿಯೇ ಕಾಣುತ್ತದೆ, ಮರಿ ಹಕ್ಕಿಯ ಕಣ್ಣಿಗಂತೂ ಆ ಕೆಂಪು ಇನ್ನೂ ಬಂದಿರುವುದಿಲ್ಲ. ಯೆಲ್ಲೋ ಎನ್ನಲು ಗೀಟಿಲ್ಲದ ಹಣೆ, ಕಿವಿಯ ಮೇಲಿನ ಸಣ್ಣ ಬಿಳಿ ಗೀಟುಗಳು ಮತ್ತು ಕೆಂಗಂದು ಛಾಯೆಯ ಗಲ್ಲ ಕಾಣಬೇಕು. ಈ ಚಿತ್ರದಲ್ಲಿ ಮೂರೂ ಕಾಣುತ್ತಿಲ್ಲ. ಕೂಗನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದರೆ ಅದನ್ನು ಹಾಕಿ, ಕೇಳಿ ನೋಡೋಣ.

ಗೀಜಗ (ಸಿಡ್ನಿ)

ಧ್ವನಿಮುದ್ರಣ ಇಲ್ಲ. ಉಳಿದ ಚಿತ್ರಗಳಲ್ಲಿಯೂ ಮುಖ ಕಾಣುವುದಿಲ್ಲ.

ಕಾಜಾಣ (ಕ್ಯಾನ್ಬೆರಾ)

ಹಾಗಾದರೆ ಪಟ್ಟಿಯಲ್ಲಿ ಜಾತಿ ನಿಗದಿಯಾಗದ ಥಾರ್ನ್‌ಬಿಲ್ ಎಂಬ ಆಯ್ಕೆ ಇದೆ, ಅದನ್ನೇ ಒತ್ತಿ, ಚಿತ್ರವನ್ನೂ ಜೊತೆಗೆ ಸೇರಿಸಿ, ಟಿಪ್ಪಣಿಯಲ್ಲಿ ಗಾಳಿಮರ, ಹೊರತುದಿ ಎಂದು ಬರೆಯಿರಿ. ಯೆಲ್ಲೋ ಥಾರ್ನ್‌ಬಿಲ್ ಅಷ್ಟಾಗಿ ಜಾಗ ಬದಲಿಸುವ ಹಕ್ಕಿಯಲ್ಲ. ಅದೇ ಸಾಲಿಗೆ ಮುಂದಿನ ವಾರ ಬೆಳಗ್ಗೆ ಹೋಗಿ, ಈ ಸಲ ಉತ್ತರಕ್ಕೆ ಬೆನ್ನು ಮಾಡಿ ನಿಲ್ಲಿ.